ಹೆಜ್ಜೆಗೊಂದು ಗಡುವು: ಮಗು ನಡೆಯುವುದು ತಡವಾದಾಗ



ದಿಕ್ಸೂಚಿ ಭಾಷಣವೆಂದರೆ ಭಾಷೆ, ಸಂಸ್ಕೃತಿ, ಹೊರನಾಡು ಎಂದು ಮಾತಾಡುವುದು ರೂಢಿ. ನಾನು ಸಾಹಿತಿಯಲ್ಲ, ಮಕ್ಕಳ ಫಿಸಿಯೋಥೆರಪಿಸ್ಟ್. ಉಡುಪಿ ಜಿಲ್ಲೆಯವಳು, ಮಂಗಳೂರಿನಲ್ಲಿ ಓದಿದವಳು, 19 ವರ್ಷಗಳಿಂದ ಈ ಮಸ್ಕತ್‌ನಲ್ಲೇ ಕೆಲಸ. ವಿಷಯ ನಿಮ್ಮ ಇಷ್ಟದ್ದು ಎಂದು ಸಂಘದವರು ಹೇಳಿದ್ದರಿಂದ ಧೈರ್ಯ ಮಾಡಿ, ಇಲ್ಲಿಯ ಕನ್ನಡ ಮನೆಗಳಿಂದ ನನಗೆ ಅತಿ ಹೆಚ್ಚು ಬರುವ ಒಂದು ಪ್ರಶ್ನೆಯ ಚರಿತ್ರೆಯನ್ನು ಹೇಳಲು ನಿಂತಿದ್ದೇನೆ. ಪ್ರಶ್ನೆ ಇಷ್ಟೇ: "ಮಗುವಿಗೆ ಹದಿನಾಲ್ಕು ತಿಂಗಳಾಯ್ತು ಮೇಡಂ, ಇನ್ನೂ ನಡೀತಾ ಇಲ್ಲ. ಏನಾದ್ರೂ ತೊಂದರೆ ಇದೆಯಾ?"

ಊರಿನಲ್ಲಿ ಈ ಪ್ರಶ್ನೆ ಇಷ್ಟು ಚುಚ್ಚುವುದಿಲ್ಲ. ಅಲ್ಲಿ ಅಂಗಳದಲ್ಲಿ ನಾಲ್ಕೈದು ಮಕ್ಕಳಿರುತ್ತವೆ. ಒಂದು ಒಂಬತ್ತು ತಿಂಗಳಿಗೇ ಗೋಡೆ ಹಿಡಿದು ನಿಂತಿರುತ್ತದೆ, ಇನ್ನೊಂದು ಒಂದೂವರೆ ವರ್ಷವಾದರೂ ಅಜ್ಜಿಯ ಸೊಂಟ ಬಿಟ್ಟಿರುವುದಿಲ್ಲ. ಇಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂದೇ ಮಗು. ಹೋಲಿಕೆಗೆ ಇರುವುದು ಫೋನಿನ ಪರದೆ. ಶುಕ್ರವಾರ ವಿಡಿಯೋ ಕರೆ ಮಾಡಿದರೆ ಅತ್ತೆಯವರ ಮೊದಲ ಪ್ರಶ್ನೆಯೇ "ನಡೀತಾ?" ಎಂದು. ಅವರು ಕೇಳುವುದು ಪ್ರೀತಿಯಿಂದಲೇ, ಆದರೆ ತಾಯಿಗೆ ಅದು ಪರೀಕ್ಷೆಯ ಫಲಿತಾಂಶ ಕೇಳಿದಂತೆ ಆಗುತ್ತದೆ. ಹಾಗಾದರೆ ಈ ಗಡುವನ್ನು ಇಟ್ಟವರು ಯಾರು? ಅದನ್ನು ಹುಡುಕುತ್ತಾ ಹೋದರೆ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ನಮ್ಮಲ್ಲಿ ಮಕ್ಕಳ ವೈದ್ಯಕ್ಕೆಂದೇ ಮೀಸಲಾದ ಹಳೆಯ ಆಯುರ್ವೇದ ಗ್ರಂಥ ಕಾಶ್ಯಪ ಸಂಹಿತೆ. ಅದರ ಹಸ್ತಪ್ರತಿ ಸಿಕ್ಕಿದ್ದು ನೇಪಾಳದಲ್ಲಿ, ಅಚ್ಚಾದದ್ದು 1938ರಲ್ಲಿ. ಅದರ ಚಿಕಿತ್ಸಾ ಭಾಗದಲ್ಲಿ 'ಫಕ್ಕ' ಎಂಬ ರೋಗಕ್ಕೆ ಒಂದು ಅಧ್ಯಾಯವೇ ಇದೆ. ವರ್ಷ ತುಂಬಿದರೂ ಕಾಲ ಮೇಲೆ ನಡೆಯದ ಮಗುವನ್ನು ಫಕ್ಕ ಎಂದು ತಿಳಿಯಬೇಕು ಎನ್ನುತ್ತದೆ ಗ್ರಂಥ. ಅಂದರೆ ಅತ್ತೆಯವರ ಒಂದು ವರ್ಷದ ಗಡುವಿಗೆ ಶಾಸ್ತ್ರದ ಆಧಾರವೂ ಇದೆ! ಆದರೆ ಗ್ರಂಥಕಾರ ಗಡುವು ಹೇಳಿ ಸುಮ್ಮನಾಗುವುದಿಲ್ಲ, ಕಾರಣ ಕೇಳುತ್ತಾನೆ. ತಾಯಿಯ ಹಾಲಿನ ದೋಷದಿಂದ ಬಂದದ್ದು ಒಂದು. ತಾಯಿ ಮತ್ತೆ ಗರ್ಭಿಣಿಯಾಗಿ ಹಾಲು ತಪ್ಪಿದ್ದರಿಂದ ಬಂದದ್ದು ಇನ್ನೊಂದು. ಬೇರೆ ಕಾಯಿಲೆಯಿಂದ ಬಂದದ್ದು ಮೂರನೆಯದು. ಮೂರನೆಯದರ ಲಕ್ಷಣವಾಗಿ ತೊಡೆ, ತೋಳು, ಪೃಷ್ಠ ಒಣಗಿ, ಹೊಟ್ಟೆ ಮತ್ತು ತಲೆ ದೊಡ್ಡದಾಗಿ ಕಾಣುವ ಮಗುವಿನ ಚಿತ್ರ ಕೊಡುತ್ತಾನೆ. ಅಪೌಷ್ಟಿಕತೆಯ ಮಕ್ಕಳನ್ನು ನೋಡಿದವರಿಗೆ ಆ ವರ್ಣನೆ ಹೊಸದೆನಿಸುವುದಿಲ್ಲ. ಎರಡನೆಯ ಬಗೆಯನ್ನು ಓದಿದಾಗ ನನಗೆ ನೆನಪಾಗುವುದು ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ. ಈಗಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ಆಕೆ 1930ರ ದಶಕದಲ್ಲಿ 'ಕ್ವಾಶಿಯೋರ್ಕರ್' ಎಂಬ ಅಲ್ಲಿಯ ಮಾತನ್ನು ವೈದ್ಯಲೋಕಕ್ಕೆ ತಂದರು. ತಮ್ಮನೋ ತಂಗಿಯೋ ಬರುವುದರಿಂದ ತಾಯಿಯ ಮಡಿಲಿನಿಂದ ಇಳಿದ ಮಗುವಿಗೆ ಬರುವ ಕಾಯಿಲೆ ಎಂಬುದೇ ಆ ಮಾತಿನ ಭಾವ.

ಕಾಶ್ಯಪ ಸಂಹಿತೆಯ ಚಿಕಿತ್ಸೆಯಲ್ಲಿ ತುಪ್ಪ, ಎಣ್ಣೆ, ನೀವುವುದು ಎಲ್ಲ ಇವೆ. ನನಗೆ ಬೆರಗು ಹುಟ್ಟಿಸಿದ್ದು ಕೊನೆಗೆ ಬರುವ ಸಲಹೆ: ಮಗುವಿಗೆ ಮೂರು ಚಕ್ರದ ಪುಟ್ಟ ರಥವೊಂದನ್ನು ಮಾಡಿಸಿ, ಅದನ್ನು ಹಿಡಿದು ಮೆಲ್ಲಗೆ ನಡೆಯುವ ಅಭ್ಯಾಸ ಮಾಡಿಸಬೇಕು. ಫಿಸಿಯೋಥೆರಪಿ ಎಂಬ ಪದ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲಿನ ಮಾತಿದು. ಚನ್ನಪಟ್ಟಣದಲ್ಲಿ ಇಂದಿಗೂ ಅರಗಿನ ಬಣ್ಣ ಹಚ್ಚಿದ ಮರದ ನಡೆಗಾಡಿ ಮಾರುತ್ತಾರೆ, ನಿಮ್ಮಲ್ಲಿ ಅನೇಕರು ಅದನ್ನು ತಳ್ಳಿಯೇ ನಡೆ ಕಲಿತಿರುತ್ತೀರಿ. ಆ ಗ್ರಂಥಕ್ಕೂ ಚನ್ನಪಟ್ಟಣದ ಬಡಗಿಗೂ ನೇರ ಸಂಬಂಧ ಕಲ್ಪಿಸಲು ನಾನು ಹೋಗುವುದಿಲ್ಲ. ಅದೇ ಬುದ್ಧಿ ಎರಡು ಕಡೆ ಹೊಳೆದಿರಬಹುದು.

ಚನ್ನಪಟ್ಟಣದ ಪಕ್ಕದಲ್ಲೇ ದೊಡ್ಡಮಳೂರು. ಅಲ್ಲಿಯ ಅಪ್ರಮೇಯ ಸ್ವಾಮಿ ದೇವಸ್ಥಾನದಲ್ಲಿ ಅಂಬೆಗಾಲು ಕೃಷ್ಣನ ಗುಡಿ ಇದೆ, ಮಕ್ಕಳಿಲ್ಲದವರು ತೊಟ್ಟಿಲ ಹರಕೆ ಹೊರುತ್ತಾರೆ. ಅಂಬೆಗಾಲಿಡುವ ಮಗುವನ್ನೇ ದೇವರಾಗಿ ಕೂರಿಸಿದ ನಾಡು ನಮ್ಮದು. ಅದೇ ಯುರೋಪಿನಲ್ಲಿ, ಹದಿನೇಳನೆಯ ಶತಮಾನದವರೆಗೂ ಅಂಬೆಗಾಲೆಂದರೆ ಪ್ರಾಣಿಯ ನಡೆ ಎಂಬ ಭಾವನೆ ಇತ್ತು. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಸ್ವಲ್ಪ ದೊಡ್ಡದಾದ ಮೇಲೆ ಅಂಗಿಗೆ ಪಟ್ಟಿ ಕಟ್ಟಿ ಮೇಲಿನಿಂದ ಹಿಡಿದು ನಡೆಸುತ್ತಿದ್ದರು, ನೆಲದ ಮೇಲೆ ಬಿಡುತ್ತಿರಲಿಲ್ಲ. 1440ರ ಸುಮಾರಿಗೆ ನೆದರ್ಲೆಂಡ್ಸ್‌ನಲ್ಲಿ ತಯಾರಾದ, ಕ್ಯಾಥರೀನ್ ಆಫ್ ಕ್ಲೀವ್ಸ್ ಎಂಬ ಡಚೆಸ್‌ಳ ಪ್ರಾರ್ಥನಾ ಪುಸ್ತಕದಲ್ಲಿ ಬಾಲ ಯೇಸು ಮರದ ವಾಕರಿನೊಳಗೆ ನಿಂತಿರುವ ಚಿತ್ರವಿದೆ. ರೂಸೋ 1762ರಲ್ಲಿ 'ಎಮಿಲ್' ಬರೆದಾಗ ಈ ಸುತ್ತು ಬಟ್ಟೆ, ಪಟ್ಟಿ, ಗಾಡಿ ಎಲ್ಲವನ್ನೂ ಬೇಡವೆಂದ. ಬೀಳಲಿ ಬಿಡಿ, ಬಿದ್ದು ಏಳುವುದನ್ನು ಕಲಿಯುತ್ತಾನೆ ಎಂಬುದು ಅವನ ವಾದ. (ತನ್ನ ಸ್ವಂತ ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟವನ ಶಿಶುಪಾಲನೆಯ ಸಲಹೆ ಎಂಬುದನ್ನೂ ಜತೆಗೆ ನೆನಪಿಡಬೇಕು.)

ಈಗ ನಮ್ಮ ಫೋನುಗಳಲ್ಲಿ ಬರುವ "ಈ ತಿಂಗಳು ನಿಮ್ಮ ಮಗು" ಎಂಬ ಪಟ್ಟಿಯ ಹುಟ್ಟಿಗೆ ಬರೋಣ. ಅದರ ಅಪ್ಪ ಆರ್ನಾಲ್ಡ್ ಗೆಸೆಲ್. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1911ರಲ್ಲಿ ಚಿಕಿತ್ಸಾಲಯ ತೆರೆದು, ಮಕ್ಕಳನ್ನು ಸಿನಿಮಾ ಕ್ಯಾಮೆರಾದಲ್ಲಿ ಚಿತ್ರಿಸಿ, ಯಾವ ವಾರದಲ್ಲಿ ಮಗು ಏನು ಮಾಡುತ್ತದೆ ಎಂದು ಬರೆದಿಟ್ಟರು. ಬೆಳವಣಿಗೆ ಒಳಗಿನಿಂದಲೇ ಆಗುತ್ತದೆ, ಮೊಗ್ಗು ಅರಳಿದ ಹಾಗೆ, ಕಲಿಸುವುದರಿಂದ ಹೆಚ್ಚೇನೂ ಆಗದು ಎಂಬುದು ಅವರ ನಿಲುವು. 1929ರಲ್ಲಿ ಹೆಲೆನ್ ಥಾಂಪ್ಸನ್ ಜತೆ ಅವಳಿ ಹೆಣ್ಣುಮಕ್ಕಳ ಮೇಲೆ ಮಾಡಿದ ಪ್ರಯೋಗ ಪ್ರಸಿದ್ಧ. ಒಬ್ಬಳಿಗೆ 46ನೇ ವಾರದಿಂದ ಆರು ವಾರ ಮೆಟ್ಟಿಲು ಹತ್ತುವ ತರಬೇತಿ. ಇನ್ನೊಬ್ಬಳಿಗೆ 53ನೇ ವಾರದಿಂದ ಎರಡೇ ವಾರ. ಕೊನೆಗೆ ಇಬ್ಬರೂ ಹೆಚ್ಚು ಕಡಿಮೆ ಒಂದೇ. ಗೆಸೆಲ್ ಅವರ ಶ್ರಮ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ನೋಡಿದ್ದು ನ್ಯೂಹೇವನ್ ಪಟ್ಟಣದ, ಉತ್ತರ ಯುರೋಪಿನ ಮೂಲದ, ಮಧ್ಯಮವರ್ಗದ ಮಕ್ಕಳನ್ನು. ಆ ಮಕ್ಕಳ ಸರಾಸರಿಯೇ ಲೋಕದ ಮಕ್ಕಳ ಗಡುವಾಯಿತು. ಸರಾಸರಿ ಎಂದರೇನು? ಸುಮಾರು ಅರ್ಧದಷ್ಟು ಮಕ್ಕಳು ಅದಕ್ಕಿಂತ ತಡವಾಗಿಯೇ ನಡೆಯುತ್ತವೆ ಎಂದು. ಅದನ್ನು ಕೊನೆಯ ದಿನಾಂಕವೆಂದು ಓದಿಕೊಂಡರೆ ಊರಿನ ಅರ್ಧ ಮಕ್ಕಳಿಗೆ ರೋಗ ಅಂಟಿಸಿದ ಹಾಗೆ.

ಅದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಮಿರ್ಟಲ್ ಮೆಗ್ರಾ ಎಂಬಾಕೆ ಜಾನಿ, ಜಿಮ್ಮಿ ಎಂಬ ಅವಳಿ ಗಂಡುಮಕ್ಕಳಲ್ಲಿ ಒಬ್ಬನಿಗೆ ಹುಟ್ಟಿದ ಕೆಲವೇ ವಾರಗಳಿಂದ ತಾಲೀಮು ಕೊಟ್ಟರು. ಜಾನಿ ಎರಡು ವರ್ಷ ತುಂಬುವ ಮೊದಲೇ ಈಜಿದ, ಕಡಿದಾದ ಇಳಿಜಾರು ಹತ್ತಿದ, ಚಕ್ರದ ಬೂಟಿನಲ್ಲಿ ಜಾರಾಡಿದ. ಪತ್ರಿಕೆಗಳಿಗೆ ಹಬ್ಬವೋ ಹಬ್ಬ. ಆದರೆ ಸಾಮಾನ್ಯ ನಡಿಗೆಯ ವಿಷಯದಲ್ಲಿ ಇಬ್ಬರಲ್ಲಿ ದೊಡ್ಡ ಅಂತರವೇನೂ ಕಾಣಲಿಲ್ಲ.

ಹಾಗಾದರೆ ಮಗು ತಾನಾಗಿಯೇ ನಡೆಯುತ್ತದೆ, ನಾವು ಕೈಕಟ್ಟಿ ಕೂತರಾಯಿತು ಎನ್ನೋಣವೇ? ಹಾಗೆಂದೇ ನಂಬಿದ್ದವರು ವೇಯ್ನ್ ಡೆನಿಸ್. ಅವರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದರ ಎರಡನೆಯ ಭಾಗ ನಡೆದದ್ದು ಇಲ್ಲಿಂದ ಕೊಲ್ಲಿ ದಾಟಿದರೆ ಸಿಗುವ ದೇಶದಲ್ಲಿ. 1940ರಲ್ಲಿ ಡೆನಿಸ್ ಮತ್ತು ಅವರ ಪತ್ನಿ ಅಮೆರಿಕದ ಅರಿಜೋನಾದ ಹೋಪಿ ಜನರ ಬಗ್ಗೆ ಬರೆದರು. ಹೋಪಿ ತಾಯಂದಿರು ಕೂಸನ್ನು ಒಂದು ಹಲಗೆಗೆ ಕಟ್ಟಿಡುತ್ತಿದ್ದರು, ಮೊದಲ ತಿಂಗಳುಗಳಲ್ಲಿ ದಿನದ ಬಹುಭಾಗ ಕೈಕಾಲು ಆಡಿಸಲೂ ಜಾಗವಿಲ್ಲ. ಕೆಲವು ಹಳ್ಳಿಗಳಲ್ಲಿ ಆಗಲೇ ಈ ಪದ್ಧತಿ ಬಿಟ್ಟಿದ್ದರು. ಎರಡೂ ಗುಂಪಿನ ಮಕ್ಕಳು ನಡೆದದ್ದು ಒಂದೇ ಹೊತ್ತಿಗೆ, ಸುಮಾರು 15 ತಿಂಗಳಿಗೆ. ನೋಡಿ, ಕಟ್ಟಿಟ್ಟರೂ ನಡಿಗೆ ನಿಲ್ಲುವುದಿಲ್ಲ ಎಂದು ಲೋಕ ಅದನ್ನೇ ಪಾಠಪುಸ್ತಕಕ್ಕೆ ಹಾಕಿಕೊಂಡಿತು.

1950ರ ದಶಕದ ಕೊನೆಯಲ್ಲಿ ಅದೇ ಡೆನಿಸ್ ಟೆಹ್ರಾನಿನ ಅನಾಥಾಲಯಗಳಿಗೆ ಹೋದರು. ಒಂದರಲ್ಲಿ ಹಸುಳೆಗಳು ದಿನವಿಡೀ ತೊಟ್ಟಿಲಲ್ಲಿ ಅಂಗಾತ. ಎತ್ತುವವರಿಲ್ಲ, ಬೋರಲು ಮಲಗಿಸುವವರಿಲ್ಲ, ಹಾಲಿನ ಬಾಟಲಿಯನ್ನೂ ದಿಂಬಿಗೆ ಆನಿಸಿ ಇಡುತ್ತಿದ್ದರು. ಹೊಟ್ಟೆಗೆ ಸಿಗುತ್ತಿತ್ತು, ಸ್ನಾನ ಆಗುತ್ತಿತ್ತು, ಅಷ್ಟೇ. ಎರಡನೆಯ ವರ್ಷದಲ್ಲಿದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ತಾವಾಗಿ ಕೂರುತ್ತಿರಲಿಲ್ಲ. ಮೂರು ತುಂಬಿ ನಾಲ್ಕನೆಯ ವರ್ಷದಲ್ಲಿದ್ದ ಮಕ್ಕಳಲ್ಲಿ 100ಕ್ಕೆ 85 ನಡೆಯುತ್ತಿರಲಿಲ್ಲ. ಅಂಬೆಗಾಲು ಕೂಡ ಇಲ್ಲ, ಕೂತಲ್ಲೇ ಜರುಗುತ್ತಾ ಸಾಗುತ್ತಿದ್ದವು. ಅದೇ ನಗರದ ಇನ್ನೊಂದು ಸಂಸ್ಥೆಯಲ್ಲಿ ನೋಡಿಕೊಳ್ಳುವವರು ಹೆಚ್ಚು, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿ ಉಣಿಸುತ್ತಿದ್ದರು, ಬೋರಲು ಮಲಗಿಸುತ್ತಿದ್ದರು, ಆಟಿಕೆ ಕೊಡುತ್ತಿದ್ದರು. ಅಲ್ಲಿಯ ಎರಡು ವರ್ಷ ದಾಟಿದ ಮಕ್ಕಳಲ್ಲಿ ಹೆಚ್ಚಿನವು ನಡೆಯುತ್ತಿದ್ದವು. ಡೆನಿಸ್ ತಮ್ಮ ಹಳೆಯ ಮಾತನ್ನು ಕೈಬಿಟ್ಟರು. ನಡಿಗೆ ಒಳಗಿನಿಂದ ತಾನೇ ಅರಳುವುದಲ್ಲ, ಅದಕ್ಕೆ ಅನುಭವ ಬೇಕು ಎಂದು 1960ರಲ್ಲಿ ಬರೆದರು. ಹೋಪಿ ಮಗುವಿಗೂ ಟೆಹ್ರಾನಿನ ಮಗುವಿಗೂ ಇದ್ದ ವ್ಯತ್ಯಾಸ ಹಲಗೆಯದಲ್ಲ. ಹೋಪಿ ಮಗುವಿನ ಹಲಗೆ ತಾಯಿಯ ಪಕ್ಕದಲ್ಲೇ ಇರುತ್ತಿತ್ತು, ಹೊತ್ತು ಬಂದಾಗ ಕಟ್ಟು ಬಿಚ್ಚಿ ಎತ್ತಿಕೊಳ್ಳುವ ಕೈಗಳಿದ್ದವು.

ನಮ್ಮ ಅಜ್ಜಿಯಂದಿರು ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿ ಎಣ್ಣೆ ತಿಕ್ಕಿ ನೀರೆರೆಯುತ್ತಿದ್ದುದು ಈ ಬಗೆಯ ಅನುಭವವೇ. ಇದರ ಮೇಲೂ ಅಧ್ಯಯನಗಳಾಗಿವೆ. ಕೀನ್ಯಾದ ಕಿಪ್ಸಿಗಿಸ್ ಜನರು ಮಗುವಿಗೆ ಕೂರುವುದನ್ನೂ ನಡೆಯುವುದನ್ನೂ ಕಲಿಸಬೇಕೆಂದೇ ನಂಬಿ ದಿನವೂ ಅಭ್ಯಾಸ ಮಾಡಿಸುತ್ತಾರೆ. ಅಲ್ಲಿಯ ಮಕ್ಕಳು ಕೂರುವುದರಲ್ಲಿ, ನಡೆಯುವುದರಲ್ಲಿ ಮುಂದೆ, ಆದರೆ ಕಲಿಸದೆ ಬಿಟ್ಟ ಅಂಬೆಗಾಲಿನಲ್ಲಿ ಮುಂದಿಲ್ಲ ಎಂದು ಚಾರ್ಲ್ಸ್ ಸೂಪರ್ 1976ರಲ್ಲಿ ತೋರಿಸಿದರು. ನಮ್ಮಂಥ ವಲಸಿಗರಿಗೆ ಇನ್ನೂ ಹತ್ತಿರದ್ದು ಹಾಪ್ಕಿನ್ಸ್ ಮತ್ತು ವೆಸ್ಟ್ರಾ 1989ರಲ್ಲಿ ಪ್ರಕಟಿಸಿದ ಅಧ್ಯಯನ. ಇಂಗ್ಲೆಂಡಿನ ಒಂದೇ ನಗರದಲ್ಲಿದ್ದ ಇಂಗ್ಲಿಷ್, ಜಮೈಕಾ ಮತ್ತು ಭಾರತೀಯ ತಾಯಂದಿರಿಗೆ, ಮಗು ಒಂದು ತಿಂಗಳಿನದಿದ್ದಾಗಲೇ, ಅದು ಯಾವಾಗ ಕೂರಬಹುದು, ಯಾವಾಗ ನಡೆಯಬಹುದು ಎಂದು ಕೇಳಿದರು. ಜಮೈಕಾದ ತಾಯಂದಿರ ನಿರೀಕ್ಷೆ ಉಳಿದವರಿಗಿಂತ ಬಹಳ ಮುಂಚಿನದು. ಒಂದೇ ರಸ್ತೆಯ ಮೂರು ಮನೆಗಳಲ್ಲಿ ಮೂರು ಗಡುವುಗಳು! ಇನ್ನೊಂದು ತುದಿಗೆ ಪರಾಗ್ವೆಯ ಆಚೆ ಜನ. ದಟ್ಟ ಕಾಡಿನಲ್ಲಿ ಅಲೆಯುವಾಗ ಹಾವು, ಹುಳು, ಮುಳ್ಳಿನ ಭಯಕ್ಕೆ ಮಗುವನ್ನು ನೆಲಕ್ಕೆ ಬಿಡುತ್ತಿರಲಿಲ್ಲ. ಅಲ್ಲಿ ಮಕ್ಕಳು ನಡೆಯುತ್ತಿದ್ದುದು ಎರಡು ವರ್ಷದ ಹತ್ತಿರ. ಅವರೇನೂ ಕುಂಟರಾಗಿ ಉಳಿಯಲಿಲ್ಲ, ದೊಡ್ಡವರಾಗಿ ಮರ ಹತ್ತಿ ಜೇನು ಕೀಳುತ್ತಿದ್ದರು.

ಈಗ ಮಸ್ಕತ್‌ಗೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಮಕ್ಕಳ ಬೆಳವಣಿಗೆಯ ಅಧ್ಯಯನ ಮಾಡಿತು. ಅದರಲ್ಲಿ ಐದು ದೇಶಗಳಲ್ಲಿ ಚಲನೆಯ ಹಂತಗಳನ್ನೂ ದಾಖಲಿಸಿದರು: ಘಾನಾ, ಭಾರತ, ನಾರ್ವೆ, ಅಮೆರಿಕ ಮತ್ತು ನಾವಿರುವ ಈ ಒಮಾನ್. ಭಾರತದ ಕೇಂದ್ರ ದಕ್ಷಿಣ ದೆಹಲಿ, ಒಮಾನಿನದು ಮಸ್ಕತ್. ತರಬೇತಿ ಪಡೆದ ಕಾರ್ಯಕರ್ತರು ಮೊದಲ ವರ್ಷ ತಿಂಗಳಿಗೊಮ್ಮೆ, ಆಮೇಲೆ ಎರಡು ತಿಂಗಳಿಗೊಮ್ಮೆ ಮನೆಗೇ ಹೋಗಿ ನೋಡಿ ಬರೆದುಕೊಂಡರು. ಒಟ್ಟು 816 ಮಕ್ಕಳು. ಫಲಿತಾಂಶ 2006ರಲ್ಲಿ ಬಂತು. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಶಬ್ದ: ಕಿಟಕಿ. ಮಗು ಇಂಥ ತಿಂಗಳಿಗೇ ನಡೆಯಬೇಕು ಎನ್ನದೆ, ಆರೋಗ್ಯವಂತ ಮಗು ನಡೆಯುವ ಕಾಲದ ಕಿಟಕಿ ಇಷ್ಟು ಅಗಲ ಎಂದರು. ಆಸರೆಯಿಲ್ಲದೆ ಕೂರುವುದಕ್ಕೆ ಸುಮಾರು 4ರಿಂದ 9 ತಿಂಗಳು. ತಾನಾಗಿ ನಡೆಯುವುದಕ್ಕೆ 8.2ರಿಂದ 17.6 ತಿಂಗಳು. ಸರಾಸರಿ 12 ತಿಂಗಳೇ ಇರಬಹುದು, ಆದರೆ ಕಿಟಕಿಯ ಅಗಲ ಒಂಬತ್ತು ತಿಂಗಳಿಗೂ ಮೀರಿದ್ದು. ಇನ್ನೊಂದು ಸಂಗತಿ: 100ರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡಲೇ ಇಲ್ಲ, ನೇರ ಎದ್ದು ನಡೆದವು. ಅಂಬೆಗಾಲು ತಪ್ಪಿದರೆ ಬುದ್ಧಿ ಬೆಳೆಯದು ಎಂದು ಹೆದರಿಸುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ.

ಹಾಗಾಗಿ ಹದಿನಾಲ್ಕು ತಿಂಗಳ ಮಗುವಿನ ತಾಯಿಗೆ ನನ್ನ ಉತ್ತರ ಸುಲಭ. ಮಗು ಕೂರುತ್ತದೆ, ಸೋಫಾ ಹಿಡಿದು ನಿಲ್ಲುತ್ತದೆ, ಎರಡೂ ಕೈಯಲ್ಲಿ ಸಾಮಾನು ಹಿಡಿಯುತ್ತದೆ, ಕರೆದರೆ ತಿರುಗಿ ನಗುತ್ತದೆ ಎಂದಾದರೆ, ಅತ್ತೆಯವರಿಗೆ ಸಮಾಧಾನ ಹೇಳಿ, ಫೋನ್ ಇಟ್ಟು, ಮಗುವನ್ನು ನೆಲಕ್ಕೆ ಬಿಡಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ಲೆಕ್ಕ ಹಾಕಿ. ಕೂತಲ್ಲೇ ಜರುಗುವ ಮಕ್ಕಳು ಸಾಮಾನ್ಯವಾಗಿ ತಡವಾಗಿ ನಡೆಯುತ್ತವೆ, ಅದು ಕೆಲವು ಮನೆತನಗಳಲ್ಲೇ ಬರುತ್ತದೆ ಎಂಬುದೂ 1970ರಿಂದ ವೈದ್ಯರಿಗೆ ಗೊತ್ತಿರುವ ವಿಷಯ.

ಆದರೆ ನನ್ನ ನಿದ್ದೆ ಕೆಡಿಸುವವರು ಈ ತಾಯಂದಿರಲ್ಲ. ಇಪ್ಪತ್ತು, ಇಪ್ಪತ್ತೆರಡು ತಿಂಗಳಾದರೂ ಬಾರದವರು. "ಅವನಪ್ಪನೂ ಎರಡು ವರ್ಷಕ್ಕೇ ನಡೆದದ್ದು" ಎಂಬ ಊರಿನ ಮಾತು, "ಹೇಗೂ ಜೂನ್‌ನಲ್ಲಿ ರಜೆಗೆ ಹೋಗುತ್ತೇವೆ, ಅಲ್ಲೇ ತೋರಿಸೋಣ" ಎಂಬ ಲೆಕ್ಕ, ವಿಮೆಯಲ್ಲಿ ಇದು ಬರುತ್ತದೋ ಇಲ್ಲವೋ ಎಂಬ ಅನುಮಾನ. ಇದರಲ್ಲಿ ತಿಂಗಳುಗಳು ಹೋಗುತ್ತವೆ. ಕಿಟಕಿ ಅಗಲವಾಗಿದೆ ನಿಜ, ಆದರೆ ಅದಕ್ಕೂ ಚೌಕಟ್ಟು ಇದೆ. 18 ತಿಂಗಳಿಗೆ ತಾನಾಗಿ ನಡೆಯದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ತನ್ನ ಪಟ್ಟಿಯನ್ನು ತಿದ್ದಿದಾಗ ಅಂಬೆಗಾಲನ್ನು ಕೈಬಿಟ್ಟಿತು, ಆದರೆ ಏನನ್ನೂ ಹಿಡಿಯದೆ ನಡೆಯುವುದನ್ನು 18 ತಿಂಗಳ ಸಾಲಿನಲ್ಲೇ ಇಟ್ಟಿತು.

ನಾಲ್ಕೈದು ವರ್ಷದ ಹಿಂದೆ ನನ್ನಲ್ಲಿಗೆ ಬಂದ ಒಂದು ಹೆಣ್ಣುಮಗುವಿಗೆ 21 ತಿಂಗಳು. ತಂದೆಗೆ ಉಗ್ರಾಣದಲ್ಲಿ ಪಾಳಿಯ ಕೆಲಸ, ತಾಯಿಗೆ ಭಾಷೆ ಬಾರದ ಊರು, ಹೊರಗೆ ಬಿಸಿಲು. ತಿಂಗಳಾನುಗಟ್ಟಲೆ ಮಗು ಮೂರನೆಯ ಮಹಡಿಯಿಂದ ಇಳಿದಿರಲಿಲ್ಲ. ಎದೆಹಾಲು ಚೆನ್ನಾಗಿ ಕೊಟ್ಟಿದ್ದರು, ಊರಿನಿಂದ ತರಿಸಿದ ರಾಗಿ ಸರಿಯನ್ನೂ ತಪ್ಪದೆ ಉಣಿಸುತ್ತಿದ್ದರು. ನಿಲ್ಲಿಸಿದರೆ ಮಗು ಅಳುತ್ತಿತ್ತು. ಮಣಿಕಟ್ಟು ದಪ್ಪ, ಕಾಲು ಬಿಲ್ಲಿನಂತೆ. ರಕ್ತ ಪರೀಕ್ಷೆ, ಎಕ್ಸ್‌ರೇ ಬಂದ ಮೇಲೆ ವೈದ್ಯರು ಹೇಳಿದ್ದು ರಿಕೆಟ್ಸ್. ತಾಯಿ ನಂಬಲಿಲ್ಲ. "ಇಷ್ಟು ಬಿಸಿಲಿರೋ ದೇಶದಲ್ಲಾ?" ಎಂದರು.

ಆ ಪ್ರಶ್ನೆಗೂ ಒಂದು ಚರಿತ್ರೆ ಇದೆ. ಫ್ರಾನ್ಸಿಸ್ ಗ್ಲಿಸನ್ ಎಂಬ ಇಂಗ್ಲಿಷ್ ವೈದ್ಯ 1650ರಲ್ಲೇ ಈ ರೋಗದ ಬಗ್ಗೆ ಪುಸ್ತಕ ಬರೆದ. ಕಾರ್ಖಾನೆಗಳ ಹೊಗೆ ಕವಿದ ಊರುಗಳಲ್ಲಿ ಅದು ಬಡವರ ಮಕ್ಕಳ ಪಾಡಾಯಿತು. 1890ರಲ್ಲಿ, ಜಪಾನಿನಲ್ಲಿ ಕೆಲಸ ಮಾಡಿ ಬಂದಿದ್ದ ಥಿಯೋಬಾಲ್ಡ್ ಪಾಮ್ ಎಂಬ ವೈದ್ಯ, ಬಿಸಿಲಿನ ನಾಡುಗಳಲ್ಲಿ ಈ ರೋಗ ಕಾಣುವುದಿಲ್ಲ, ಕೊರತೆ ಬಿಸಿಲಿನದೇ ಎಂದು ಬರೆದ. 1919ರಲ್ಲಿ ಬರ್ಲಿನ್ನಿನಲ್ಲಿ ಹುಲ್ಡ್‌ಶಿನ್ಸ್ಕಿ ನೇರಳಾತೀತ ದೀಪದಿಂದ ಮಕ್ಕಳನ್ನು ಗುಣಪಡಿಸಿದ. ಅದೇ ವರ್ಷ ಲಂಡನ್ನಿನಲ್ಲಿ ಮೆಲನ್ಬಿ ಕಾಡ್ ಮೀನಿನ ಎಣ್ಣೆಯಿಂದ ನಾಯಿಮರಿಗಳ ರಿಕೆಟ್ಸ್ ತಡೆದ. 1922ರಲ್ಲಿ ಆ ಎಣ್ಣೆಯೊಳಗಿನ ವಸ್ತುವನ್ನು ಮೆಕಾಲಂ ಬೇರೆಯಾಗಿ ಗುರುತಿಸಿದ, ಅದೇ ಡಿ ವಿಟಮಿನ್. ರೋಗ ಮುಗಿಯಿತು ಎಂದು ಬ್ರಿಟನ್ ನಿಟ್ಟುಸಿರು ಬಿಡುವಷ್ಟರಲ್ಲಿ, 1962ರಲ್ಲಿ ಗ್ಲಾಸ್ಗೋದ ಡನ್ನಿಗನ್ ಮತ್ತು ಜತೆಗಾರರು ಅಲ್ಲಿಯ ಪಾಕಿಸ್ತಾನಿ ವಲಸಿಗರಲ್ಲಿ ಅದನ್ನು ಮತ್ತೆ ಕಂಡರು. ನಮ್ಮ ಉಪಖಂಡದ ಕುಟುಂಬಗಳಿಗಾಗಿಯೇ 1981ರಲ್ಲಿ ಬ್ರಿಟನ್ ಸರಕಾರ 'ರಿಕೆಟ್ಸ್ ನಿಲ್ಲಿಸಿ' ಎಂಬ ಪ್ರಚಾರ ನಡೆಸಬೇಕಾಯಿತು.

ಗ್ಲಾಸ್ಗೋದಲ್ಲಿ ಬಿಸಿಲು ಕಡಿಮೆ. ಮಸ್ಕತ್‌ನಲ್ಲಿ ಬಿಸಿಲು ಹೆಚ್ಚಾದದ್ದೇ ಕಷ್ಟ, ಜನ ಬಾಗಿಲು ಹಾಕಿ ಒಳಗಿರುತ್ತಾರೆ. ಡಿ ವಿಟಮಿನ್ ಮಾಡುವ ಕಿರಣ ಕಿಟಕಿಯ ಗಾಜನ್ನು ದಾಟುವುದಿಲ್ಲ. ನಮ್ಮಂಥ ಕಪ್ಪು ಚರ್ಮಕ್ಕೆ ಬಿಳಿಯರಿಗಿಂತ ಹೆಚ್ಚು ಹೊತ್ತಿನ ಬಿಸಿಲು ಬೇಕು. ಎದೆಹಾಲು ಅಮೃತವೇ, ಆದರೆ ಅದರಲ್ಲಿ ಡಿ ವಿಟಮಿನ್ ಬಹಳ ಕಡಿಮೆ, ತಾಯಿಯಲ್ಲೇ ಕೊರತೆಯಿದ್ದರೆ ಇನ್ನೂ ಕಡಿಮೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ, ಆದರೆ ಅದು ಮೂಳೆಗೆ ಸೇರಲು ಡಿ ವಿಟಮಿನ್ ಬೇಕು. ಹುಟ್ಟಿದ ಕೂಸಿಗೆ ವೈದ್ಯರು ಬರೆದುಕೊಡುವ ದಿನಕ್ಕೆ 400 ಘಟಕದ ಹನಿಗಳನ್ನು "ಇಷ್ಟು ಸಣ್ಣ ಮಗುವಿಗೆ ಔಷಧಿ ಯಾಕೆ" ಎಂದು ಕಪಾಟಿನಲ್ಲಿಡುವ ಮನೆಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಆ ಹೆಣ್ಣುಮಗು ಚಿಕಿತ್ಸೆ ಶುರುವಾದ ಮೂರನೆಯ ತಿಂಗಳಿಗೆ ನನ್ನ ಕೋಣೆಯಲ್ಲಿ ಕುರ್ಚಿ ಬಿಟ್ಟು ನಾಲ್ಕು ಹೆಜ್ಜೆ ಹಾಕಿತು. ಕಾಲಿನ ಬಾಗು ಪೂರ್ತಿ ನೇರವಾಗಲು ಇನ್ನೂ ಒಂದು ವರ್ಷ ಹಿಡಿಯಿತು.

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. ನಮ್ಮ ಹಿರಿಯರ ಕಾಲದಲ್ಲಿ ಮಗು ನಡೆಯುತ್ತಿಲ್ಲವೆಂದರೆ ಮೊದಲು ಬರುತ್ತಿದ್ದ ಭಯ ಪೋಲಿಯೋ. ಭಾರತದ ಕೊನೆಯ ಸಹಜ ಪೋಲಿಯೋ ಪ್ರಕರಣ ಹೌರಾದಲ್ಲಿ ಕಂಡದ್ದು 2011ರ ಜನವರಿಯಲ್ಲಿ, 2014ರ ಮಾರ್ಚ್‌ನಲ್ಲಿ ನಾವು ಪೋಲಿಯೋ ಮುಕ್ತರೆಂಬ ಪ್ರಮಾಣ ಸಿಕ್ಕಿತು. ಆ ಭಯ ಹೋಯಿತು, ಆದರೆ ಉಳಿದವು ಹೋಗಿಲ್ಲ. ಮಿದುಳಿಗೆ ಬಿದ್ದ ಪೆಟ್ಟಿನಿಂದ ಬರುವ ಸೆರೆಬ್ರಲ್ ಪಾಲ್ಸಿ ಇದೆ. ಲಂಡನ್ನಿನ ವೈದ್ಯ ಲಿಟಲ್ 1861ರಲ್ಲಿ ಅದನ್ನು ಹೆರಿಗೆಯ ಕಷ್ಟಕ್ಕೆ ಜೋಡಿಸಿದ. ಎಲ್ಲಕ್ಕೂ ಹೆರಿಗೆಯನ್ನೇ ದೂರಬೇಡಿ, ಕಾರಣ ಅದಕ್ಕೂ ಮೊದಲೇ ಇರಬಹುದು ಎಂದು 1897ರಲ್ಲಿ ಬರೆದವರು, ಆಶ್ಚರ್ಯವೆಂದರೆ, ಮನಸ್ಸಿನ ಶಾಸ್ತ್ರಕ್ಕೆ ಹೆಸರಾದ ಸಿಗ್ಮಂಡ್ ಫ್ರಾಯ್ಡ್. ಬೆಂಗಳೂರಿನಲ್ಲಿ 1980ರಿಂದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಈ ಮಕ್ಕಳಿಗಾಗಿ ಕೆಲಸ ಮಾಡುತ್ತಿದೆ. ಗಂಡುಮಕ್ಕಳಿಗೆ ಬರುವ ಡುಶೆನ್ ಸ್ನಾಯುಕ್ಷಯ ಇದೆ. ನಡಿಗೆ ತಡ, ಮೀನಖಂಡ ದಪ್ಪ, ನೆಲದಿಂದ ಏಳುವಾಗ ಮಗು ತನ್ನ ತೊಡೆಯನ್ನೇ ಹಿಡಿದು ಹತ್ತಿದಂತೆ ಏಳುತ್ತದೆ. ಒಂದು ಸಾಮಾನ್ಯ ರಕ್ತ ಪರೀಕ್ಷೆಯಿಂದ ಅನುಮಾನ ಹುಟ್ಟುವ ಈ ಕಾಯಿಲೆ ಬಹಳ ಕಡೆ ಗೊತ್ತಾಗುವಾಗ ಮಗುವಿಗೆ ನಾಲ್ಕೈದು ವರ್ಷ. ಆಗಲೇ ತಾಯಿ ಮತ್ತೆ ಗರ್ಭಿಣಿಯಾಗಿರುವುದೂ ಉಂಟು. ಬೇಗ ತಿಳಿಯಬೇಕೆಂದು ನಾನು ಒತ್ತಿ ಹೇಳುವುದು ಅದಕ್ಕೇ.

ಹುಟ್ಟುವಾಗಲೇ ಸೊಂಟದ ಕೀಲು ತಪ್ಪಿದ ಮಕ್ಕಳೂ ಇದ್ದಾರೆ. ಇಟಲಿಯ ಓರ್ಟೊಲಾನಿ 1930ರ ದಶಕದಲ್ಲಿ ಹೇಳಿಕೊಟ್ಟ ಕೈಪರೀಕ್ಷೆಯಿಂದ ಎಳವೆಯಲ್ಲೇ ಅದನ್ನು ಹಿಡಿಯಬಹುದು. ಕಾಲುಗಳನ್ನು ನೇರ ಜೋಡಿಸಿ ಬಿಗಿಯಾಗಿ ಸುತ್ತುವ ಜನರಲ್ಲಿ ಇದು ಹೆಚ್ಚು, ಕಾಲು ಅಗಲಿಸಿ ಸೊಂಟದ ಮೇಲೆ ಎತ್ತಿಕೊಳ್ಳುವ ಜನರಲ್ಲಿ ಕಡಿಮೆ ಎಂಬುದು ಮೂಳೆ ವೈದ್ಯರ ಹಳೆಯ ಅನುಭವ. ನೀರಿನ ಕೊಡದಂತೆ ಮಗುವನ್ನು ಸೊಂಟಕ್ಕೇರಿಸುವ ನಮ್ಮ ಹೆಂಗಸರ ರೂಢಿಯನ್ನು ಯಾರಾದರೂ ಹಳ್ಳಿಗುಗ್ಗುತನ ಎಂದರೆ ಈ ಮಾತು ಹೇಳಿ.

ಕೊನೆಗೆ ವಾಕರ್ ಬಗ್ಗೆ, ಏಕೆಂದರೆ ಮೊದಲ ಹುಟ್ಟುಹಬ್ಬಕ್ಕೆ ನಮ್ಮಲ್ಲಿ ಮೂರು ಜನ ಅದನ್ನೇ ಉಡುಗೊರೆ ತರುತ್ತಾರೆ. ಚನ್ನಪಟ್ಟಣದ ಗಾಡಿಗೂ ಪ್ಲಾಸ್ಟಿಕ್ ಬಳೆಯೊಳಗೆ ಮಗುವನ್ನು ಕೂರಿಸುವ ಈ ವಾಕರಿಗೂ ಹೆಸರು ಮಾತ್ರ ಒಂದೇ. ಮೊದಲನೆಯದರಲ್ಲಿ ಮಗು ತನ್ನ ಭಾರ ತಾನೇ ಹೊತ್ತು, ಸಮತೋಲ ಹಿಡಿದು, ಗಾಡಿಯನ್ನು ತಳ್ಳಬೇಕು. ಎರಡನೆಯದರಲ್ಲಿ ಕೂತು ಬೆರಳ ತುದಿಯಿಂದ ನೆಲ ಮೀಟಿದರೆ ಸಾಕು. ಇಂಥ ವಾಕರಿನಲ್ಲಿ ಬೆಳೆದ ಮಕ್ಕಳು ಕೂರುವುದು, ನಡೆಯುವುದು ಎರಡೂ ತಡವೆಂದು 1999ರಲ್ಲಿ ಅಮೆರಿಕದ ಸೀಗಲ್ ಮತ್ತು ಬರ್ಟನ್ ತೋರಿಸಿದರು. ಮೆಟ್ಟಿಲಿನಿಂದ ಉರುಳಿ ಆಗುವ ಗಾಯಗಳನ್ನು ನೋಡಿ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಇಲ್ಲಿ ಇನ್ನೂ ಅಂಗಡಿಯ ಮುಂದಿನ ಸಾಲಿನಲ್ಲೇ ಸಿಗುತ್ತದೆ.

ಮಗುವಿಗೆ ಬೇಕಾದದ್ದು ಬರಿಗಾಲು, ಜಾರದ ನೆಲ ಮತ್ತು ಬೀಳಲು ಅವಕಾಶ. ನ್ಯೂಯಾರ್ಕಿನ ಕ್ಯಾರನ್ ಅಡಾಲ್ಫ್ ತಂಡ 2012ರಲ್ಲಿ ನಡೆ ಕಲಿಯುವ ಮಕ್ಕಳ ಹೆಜ್ಜೆ ಎಣಿಸಿತು. ಆಡುವ ಒಂದು ಗಂಟೆಯಲ್ಲಿ ಸರಾಸರಿ 2,368 ಹೆಜ್ಜೆ, 17 ಸಲ ಬೀಳುವುದು. ಭಾನುವಾರ ಆರು ಗಂಟೆ ಮಗುವಿನ ಜತೆ ನೆಲದ ಮೇಲೆ ಕಳೆದ ತಂದೆ ನೂರು ಬೀಳುವಿಕೆಗೆ ಸಾಕ್ಷಿಯಾಗುತ್ತಾನೆ. ಪಾಳಿ ಮುಗಿಸಿ ಬಂದವರಿಗೆ ಸುಲಭದ ಮಾತಲ್ಲ, ಗೊತ್ತು. ಸಂಘದ ಶುಕ್ರವಾರದ ಕೂಟಗಳಲ್ಲಿ ಒಂದು ಮೂಲೆಯಲ್ಲಿ ಚಾಪೆ ಹಾಸಿ ಒಂದೆರಡು ವರ್ಷದೊಳಗಿನ ಮಕ್ಕಳನ್ನು ಒಟ್ಟಿಗೆ ಬಿಟ್ಟರೆ ಊರಿನ ಅಂಗಳದ ಕೆಲಸ ಸ್ವಲ್ಪವಾದರೂ ಆದೀತು ಎಂದು ಕಾರ್ಯಕಾರಿ ಸಮಿತಿಗೆ ಕೇಳಿಕೊಂಡಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಆ ಅಧ್ಯಯನದಲ್ಲಿದ್ದ ಮಸ್ಕತ್‌ನ ಮಕ್ಕಳಿಗೆ ಈಗ ಇಪ್ಪತ್ತು ದಾಟಿದೆ. ಇಂದು ಬೆಳಿಗ್ಗೆ ನೀವು ಬಂದ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದವರಲ್ಲಿ ಒಬ್ಬಿಬ್ಬರು ಇದ್ದರೂ ಇರಬಹುದು. ಯಾರು ಎಂಟನೆಯ ತಿಂಗಳಿಗೆ ನಡೆದವರು, ಯಾರು ಹದಿನೇಳಕ್ಕೆ ಎಂದು ಅವರ ನಡೆ ನೋಡಿ ಹೇಳಲು ನನಗಂತೂ ಆಗದು.

ಊಟದ ನಂತರ ಎರಡು ಗಂಟೆ ನಾನು ಹೊರಗಿನ ಮೊದಲ ಮೇಜಿನ ಬಳಿ ಇರುತ್ತೇನೆ. ಮಗು ಆಡುವುದು, ನಿಲ್ಲುವುದು, ನೆಲದಿಂದ ಏಳುವುದು ಯಾರ ಫೋನಿನಲ್ಲಾದರೂ ಇದ್ದರೆ ತನ್ನಿ, ನೋಡೋಣ. ಲಸಿಕೆ ಕಾರ್ಡೂ ಜತೆಗಿದ್ದರೆ ಒಳ್ಳೆಯದು.